ಯಾರು ಬರೆದರು, ಯಾರಿಗೆ ತಲುಪಿತು: ಸೈಟೇಶನ್ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಪಿಎಚ್‌.ಡಿ. ವಿದ್ಯಾರ್ಥಿಗಳು, ಕಾಲೇಜು ಮೇಷ್ಟ್ರುಗಳು, ಲೈಬ್ರರಿಯವರು ಮಾತಿನಲ್ಲಿ, ಪತ್ರದಲ್ಲಿ, ವಾಟ್ಸಾಪಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಅವರು ಕೇಳಿದ ಹಾಗೆಯೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ. ಎಲ್ಲಾ ಓದಬೇಕು ಅಂತೇನಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿಕೊಂಡಿದೆ.

### ಶುರುವಿಗೆ

ಸೈಟೇಶನ್ ಅಂದ್ರೆ ಪೇಪರಿನ ಕೊನೇಲಿ ಹಾಕೋ ಪಟ್ಟಿ ತಾನೇ? ಅದನ್ನ ಎಣಿಸಿದ್ರೆ ಏನು ಗೊತ್ತಾಗುತ್ತೆ?

ಹೌದು, ಅದೇ ಪಟ್ಟಿ. ಆದರೆ ಅದನ್ನು ತಿರುಗಿಸಿ ನೋಡಬೇಕು. ಒಂದು ಪೇಪರಿನ, ಅಂದರೆ ಸಂಶೋಧನಾ ಲೇಖನದ, ಕೊನೆಯ ಪಟ್ಟಿ ಅದು ಯಾರ್ಯಾರಿಂದ ಏನು ತೆಗೆದುಕೊಂಡಿದೆ ಅಂತ ಹೇಳುತ್ತದೆ. ಸಾವಿರಾರು ಪೇಪರುಗಳ ಪಟ್ಟಿಗಳನ್ನು ಒಟ್ಟು ಸೇರಿಸಿ ತಿರುಗಿಸಿದರೆ, ಒಂದು ಹಳೆಯ ಪೇಪರನ್ನು ಆಮೇಲೆ ಯಾರ್ಯಾರು ಬಳಸಿಕೊಂಡರು ಅನ್ನುವುದು ಸಿಗುತ್ತದೆ.

ನಮ್ಮ ಜಿಲ್ಲೆಯದ್ದೇ ಉದಾಹರಣೆ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಊರುಗಳಲ್ಲಿ ಜನರಿಗೆ ಜ್ವರ ಬರುತ್ತಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಒಂದನ್ನು ಪತ್ತೆ ಮಾಡಿದರು. ಆ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಅದೇ ವರ್ಷ ಅದರ ಬಗ್ಗೆ ಬರೆದರು. ಇವತ್ತಿಗೂ ಈ ಜ್ವರದ, ಅಂದರೆ ಮಂಗನ ಕಾಯಿಲೆಯ ಬಗ್ಗೆ ಪೇಪರ್ ಬರೆಯುವವರು, ಪುಣೆಯಲ್ಲಿ ಕೂತಿರಲಿ ಅಮೆರಿಕದಲ್ಲಿ ಕೂತಿರಲಿ, ಮೊದಲ ಪ್ಯಾರಾದಲ್ಲೇ ಆ 1957ಕ್ಕೆ ಬಂದು ಹೋಗುತ್ತಾರೆ. ಆ ಹಳೆಯ ಪೇಪರನ್ನು ಹಿಡಿದುಕೊಂಡು ಮುಂದಕ್ಕೆ ಬಂದರೆ, ಅರವತ್ತು ವರ್ಷಕ್ಕೂ ಮೀರಿದ ಒಂದು ವಿಷಯದ ಚರಿತ್ರೆ ನಿಮ್ಮ ಎದುರು ಬರುತ್ತದೆ.

ಎಣಿಕೆಯಿಂದ ಗೊತ್ತಾಗುವುದು ಇಷ್ಟೇ: ಬಳಕೆ ಆಗಿದೆಯೋ ಇಲ್ಲವೋ, ಎಷ್ಟು, ಯಾರಿಂದ. ಬರೆದದ್ದು ನಿಜವೋ ಸುಳ್ಳೋ, ಬರೆದವರು ದೊಡ್ಡವರೋ ಚಿಕ್ಕವರೋ ಅನ್ನುವುದು ಅದರಲ್ಲಿ ಇಲ್ಲ. ಈ ಒಂದು ಮಾತು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ತಾನಾಗಿ ಕಡಿಮೆ ಆಗುತ್ತದೆ.

ಈ ಎಣಿಸೋ ಹುಚ್ಚು ಶುರು ಮಾಡಿದ್ದು ಯಾರು?

ಮೊದಲು ಶುರು ಮಾಡಿದ್ದು ವಕೀಲರ ಸಲುವಾಗಿ. ಅಮೆರಿಕದಲ್ಲಿ 1873ರಿಂದ ಶೆಪರ್ಡ್ ಹೆಸರಿನ ಪಟ್ಟಿಗಳು ಬರುತ್ತಿದ್ದವು. ಒಂದು ಹಳೆಯ ತೀರ್ಪನ್ನು ಮುಂದಿನ ಕೋರ್ಟುಗಳು ಒಪ್ಪಿದವೋ ತಳ್ಳಿ ಹಾಕಿದವೋ ಅಂತ ಅದರಲ್ಲಿ ನೋಡಬಹುದಿತ್ತು. ಅದೇ ಉಪಾಯವನ್ನು ವಿಜ್ಞಾನಕ್ಕೆ ತರಬಹುದು ಅಂತ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಬರೆದರು. 1964ರಲ್ಲಿ ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ ಮಾರುಕಟ್ಟೆಗೆ ಬಂತು. ಇವತ್ತಿನ ವೆಬ್ ಆಫ್ ಸೈನ್ಸ್ ಅನ್ನುವ ಡೇಟಾಬೇಸ್ ಅದರ ವಂಶದ್ದೇ.

ಗಾರ್ಫೀಲ್ಡ್‌ಗೆ ಬೇಕಾಗಿದ್ದು ಹುಡುಕಾಟ. ಯಾರಿಗೆ ಪ್ರಮೋಷನ್ ಕೊಡಬೇಕು ಅನ್ನುವುದಕ್ಕೆ ಅವರು ಅದನ್ನು ಮಾಡಲಿಲ್ಲ. ಆ ಕೆಲಸ ಆಮೇಲೆ ಅದರ ತಲೆಗೆ ಕಟ್ಟಿದ್ದು.

ನಮ್ಮವರ ಹೆಸರೂ ಇಲ್ಲಿ ಬರುತ್ತದೆ. ಎಸ್‌.ಆರ್. ರಂಗನಾಥನ್ 1948ರಲ್ಲೇ ಇಂಗ್ಲೆಂಡಿನ ಒಂದು ಸಮ್ಮೇಳನದಲ್ಲಿ, ಲೈಬ್ರರಿ ಕೆಲಸಕ್ಕೂ ಲೆಕ್ಕಶಾಸ್ತ್ರ ಬೇಕು, ಅದನ್ನು ‘ಲಿಬ್ರಮೆಟ್ರಿ’ ಅನ್ನೋಣ ಅಂದರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಡಿಆರ್‌ಟಿಸಿ (ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರ) ಇವತ್ತಿಗೂ ಈ ವಿಷಯ ಕಲಿಸುವ ಜಾಗ.

ನಂದು ಗೂಗಲ್ ಸ್ಕಾಲರಲ್ಲಿ 40 ತೋರಿಸುತ್ತೆ, ಸ್ಕೋಪಸಲ್ಲಿ 11. ಯಾವುದು ಸುಳ್ಳು?

ಎರಡೂ ಸುಳ್ಳಲ್ಲ. ಎರಡೂ ಬೇರೆ ಬೇರೆ ರಾಶಿಯನ್ನು ಎಣಿಸುತ್ತಿವೆ, ಅಷ್ಟೇ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ತಾವು ಆರಿಸಿಕೊಂಡ ಜರ್ನಲ್‌ಗಳಲ್ಲಿ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತವೆ. ಗೂಗಲ್ ಸ್ಕಾಲರ್ ಇಂಟರ್ನೆಟ್ಟಿನಲ್ಲಿ ಪೇಪರಿನ ಹಾಗೆ ಕಂಡದ್ದನ್ನೆಲ್ಲ ಬಾಚಿಕೊಳ್ಳುತ್ತದೆ: ಥೀಸಿಸ್, ಸೆಮಿನಾರ್ ಲೇಖನ, ಪುಸ್ತಕ, ಕೆಲವೊಮ್ಮೆ ಕಾಲೇಜಿನ ಸಿಲಬಸ್ ಕೂಡ.

ಬಾಚುವುದರಿಂದ ಲಾಭವೂ ಇದೆ, ಅಪಾಯವೂ ಇದೆ. 2010ರಲ್ಲಿ ಫ್ರಾನ್ಸಿನ ಸಿರಿಲ್ ಲಬೆ ಅನ್ನುವವರು ಕಂಪ್ಯೂಟರಿನಿಂದ ಅರ್ಥವಿಲ್ಲದ ಪೇಪರುಗಳನ್ನು ಬರೆಸಿ, ಐಕ್ ಆಂಟ್‌ಕೇರ್ ಅನ್ನುವ ಇಲ್ಲದ ವಿಜ್ಞಾನಿಯ ಹೆಸರಿನಲ್ಲಿ ಹಾಕಿದರು. ಆ ಪೇಪರುಗಳು ಒಂದನ್ನೊಂದು ಸೈಟ್ ಮಾಡುತ್ತಿದ್ದವು. ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಆ ಮನುಷ್ಯನ ಎಚ್-ಇಂಡೆಕ್ಸ್ (ಸೈಟೇಶನ್‌ನಿಂದ ತೆಗೆಯುವ ಒಂದು ಸಂಖ್ಯೆ, ಲೆಕ್ಕ ಮುಂದೆ ಇದೆ) 94ಕ್ಕೆ ಹೋಯಿತು, ನೊಬೆಲ್ ಬಂದವರಲ್ಲೂ ಎಷ್ಟೋ ಜನಕ್ಕೆ ಅಷ್ಟಿಲ್ಲ!

ಹಾಗಂತ ಸಮಾಜಶಾಸ್ತ್ರ, ಇತಿಹಾಸ, ಕನ್ನಡದವರು ಸ್ಕೋಪಸ್ ಸಂಖ್ಯೆ ನಂಬಿಕೊಂಡು ಕೂತರೆ ಏನೂ ಸಿಗುವುದಿಲ್ಲ. ಅವರ ಕೆಲಸ ಅದರ ಬೇಲಿಯ ಹೊರಗೇ ಜಾಸ್ತಿ.

ಎಷ್ಟು ಸೈಟೇಶನ್ ಇದ್ರೆ ಒಳ್ಳೇದು ಸಾರ್?

ಯಾವ ವಿಷಯ, ಎಷ್ಟು ವರ್ಷ ಆಯಿತು ಅಂತ ಹೇಳದೆ ಈ ಪ್ರಶ್ನೆಗೆ ಉತ್ತರ ಇಲ್ಲ. ಬಯೋಕೆಮಿಸ್ಟ್ರಿಯಲ್ಲಿ ಒಂದು ಪೇಪರಿಗೆ ದೊಡ್ಡ ಪಟ್ಟಿ ಇರುತ್ತದೆ, ಬರೆಯುವವರೂ ಜಾಸ್ತಿ, ಹಾಗಾಗಿ ಸೈಟೇಶನ್ ಬೇಗ ಬೀಳುತ್ತದೆ. ಗಣಿತದಲ್ಲಿ ಪಟ್ಟಿ ಚಿಕ್ಕದು, ವರ್ಷಗಟ್ಟಲೆ ಕಾಯಬೇಕು. ಜಗತ್ತಿನಲ್ಲೇ ಅತಿ ಹೆಚ್ಚು ಸೈಟ್ ಆದ ಪೇಪರ್ ಪ್ರೋಟೀನ್ ಅಳೆಯುವ ಒಂದು ವಿಧಾನದ್ದು. ಆಲಿವರ್ ಲೌರಿ ಮತ್ತು ಜೊತೆಯವರು 1951ರಲ್ಲಿ ಬರೆದದ್ದು, ಮೂರು ಲಕ್ಷ ದಾಟಿದೆ. ಲ್ಯಾಬಿನಲ್ಲಿ ಎಲ್ಲರಿಗೂ ಬೇಕಾದ ವಿಧಾನ ಅದು, ಹಾಗಾಗಿ ಅಷ್ಟು. ಐನ್‌ಸ್ಟೈನ್‌ಗಿಂತ ಲೌರಿ ದೊಡ್ಡವರು ಅಂತ ಯಾರೂ ಹೇಳುವುದಿಲ್ಲ ಅಲ್ವಾ?

### ಲೆಕ್ಕದ ಒಳಗೆ

ಎಚ್-ಇಂಡೆಕ್ಸ್ ಲೆಕ್ಕ ಹಾಕೋದು ಹೇಗೆ? ಕೈಯಲ್ಲೇ ಆಗುತ್ತಾ?

ಆರಾಮಾಗಿ ಆಗುತ್ತದೆ. ನಿಮ್ಮ ಪೇಪರುಗಳನ್ನು ಸೈಟೇಶನ್ ಜಾಸ್ತಿ ಇರುವುದರಿಂದ ಕಡಿಮೆಗೆ ಜೋಡಿಸಿ. ಒಬ್ಬರ ಆರು ಪೇಪರುಗಳಿಗೆ 30, 12, 9, 5, 4, 1 ಬಂದಿದೆ ಅಂತ ಇಟ್ಟುಕೊಳ್ಳಿ. ಮೇಲಿನಿಂದ ಎಣಿಸುತ್ತಾ ಬನ್ನಿ. ನಾಲ್ಕನೇ ಪೇಪರಿಗೆ 5 ಇದೆ, ನಾಲ್ಕಕ್ಕೆ ಕಡಿಮೆ ಇಲ್ಲ, ಸರಿ. ಐದನೇ ಪೇಪರಿಗೆ 4 ಇದೆ, ಐದಕ್ಕೆ ಕಡಿಮೆ. ಅಲ್ಲಿಗೆ ನಿಲ್ಲಿಸಿ. ಎಚ್-ಇಂಡೆಕ್ಸ್ 4. ಗೂಗಲ್ ತೋರಿಸುವ ಐ10 ಅಂದರೆ ಹತ್ತು ಅಥವಾ ಜಾಸ್ತಿ ಸೈಟೇಶನ್ ಬಂದ ಪೇಪರುಗಳ ಸಂಖ್ಯೆ, ಇಲ್ಲಿ 2.

ಇದನ್ನು 2005ರಲ್ಲಿ ಹೇಳಿದ್ದು ಹೋರ್ಹೆ ಹಿರ್ಶ್ ಅನ್ನುವ ಭೌತಶಾಸ್ತ್ರಜ್ಞರು. ಒಂದೇ ಸಂಖ್ಯೆಯಲ್ಲಿ ಎಷ್ಟು ಬರೆದರು, ಎಷ್ಟು ಬಳಕೆ ಆಯಿತು ಎರಡೂ ಸಿಗಲಿ ಅಂತ. ಚುರುಕಾದ ಉಪಾಯ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಮೇಲಿನ ಪಟ್ಟಿಯಲ್ಲಿ 30 ಇದ್ದ ಕಡೆ 3,000 ಅಂತ ಬರೆದು ನೋಡಿ. ಎಚ್-ಇಂಡೆಕ್ಸ್ ಆಗಲೂ 4! ಇಡೀ ಕ್ಷೇತ್ರವನ್ನೇ ಬದಲಿಸಿದ ಒಂದು ಪೇಪರ್ ಬರೆದವರೂ, ಯಾರಿಗೂ ನೆನಪಿಲ್ಲದ ನಾಲ್ಕು ಬರೆದವರೂ ಅಕ್ಕಪಕ್ಕ ಕೂರುತ್ತಾರೆ. ಇನ್ನೊಂದು, ಇದು ಇಳಿಯುವುದೇ ಇಲ್ಲ. ರಿಟೈರ್ ಆಗಿ ತೋಟ ನೋಡಿಕೊಳ್ಳುತ್ತಿರುವವರದ್ದೂ ಏರುತ್ತಲೇ ಇರುತ್ತದೆ, ಹಾಗಾಗಿ ಚಿಕ್ಕ ವಯಸ್ಸಿನವರನ್ನು ಅವರ ಪಕ್ಕ ನಿಲ್ಲಿಸಿ ನೋಡುವುದು ಅನ್ಯಾಯ.

ಇಂಪ್ಯಾಕ್ಟ್ ಫ್ಯಾಕ್ಟರ್ 5 ಇರೋ ಜರ್ನಲಲ್ಲಿ ನನ್ನ ಪೇಪರ್ ಬಂತು. ನನ್ನ ಪೇಪರಿನ ಇಂಪ್ಯಾಕ್ಟ್ 5 ಅಂತ ಬಯೋಡೇಟಾದಲ್ಲಿ ಬರೀಬಹುದಾ?

ಬೇಡ. ಅದು ಜರ್ನಲ್‌ನ ಸಂಖ್ಯೆ, ನಿಮ್ಮದಲ್ಲ. ಒಂದು ಜರ್ನಲ್ ಹಿಂದಿನ ಎರಡು ವರ್ಷದಲ್ಲಿ ಹಾಕಿದ ಲೇಖನಗಳಿಗೆ ಈ ವರ್ಷ ಬಂದ ಸೈಟೇಶನ್‌ಗಳನ್ನು, ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಇಂಪ್ಯಾಕ್ಟ್ ಫ್ಯಾಕ್ಟರ್ ಸಿಗುತ್ತದೆ. ಬರೀ ಸರಾಸರಿ. ಅದರಲ್ಲೂ ಮೇಲಿನ ಕೆಲವೇ ಲೇಖನಗಳು ಬಹುಪಾಲು ಸೈಟೇಶನ್ ತಂದುಕೊಡುತ್ತವೆ, ಉಳಿದವು ಸರಾಸರಿಗಿಂತ ಕೆಳಗೇ ಇರುತ್ತವೆ. ಎಕರೆಗೆ ಇಷ್ಟು ಕ್ವಿಂಟಾಲ್ ಅಡಿಕೆ ಬಂತು ಅಂದ ಮಾತ್ರಕ್ಕೆ ಬೇಲಿ ಬದಿಯ ಆ ಒಂದು ಮರ ಎಷ್ಟು ಗೊನೆ ಬಿಟ್ಟಿದೆ ಅಂತ ಹೇಳುವುದಕ್ಕೆ ಆಗುತ್ತದೆಯೇ?

2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಂಪಾದಕರು, ವಿಜ್ಞಾನಿಗಳು ಸೇರಿ ಡೋರಾ ಅನ್ನುವ ಘೋಷಣೆ ಮಾಡಿದ್ದು ಮುಖ್ಯವಾಗಿ ಇದರ ವಿರುದ್ಧವೇ. ಒಬ್ಬರ ಕೆಲಸ ಅಳೆಯುವುದಕ್ಕೆ ಜರ್ನಲ್‌ನ ಸಂಖ್ಯೆ ಬಳಸಬೇಡಿ ಅಂತ.

ಇನ್ನು ‘ನಮ್ಮ ಇಂಪ್ಯಾಕ್ಟ್ ಫ್ಯಾಕ್ಟರ್ 7.8, ಮೂರು ದಿನದಲ್ಲಿ ಪ್ರಕಟಣೆ’ ಅಂತ ಮೇಲ್ ಬರುತ್ತದಲ್ಲ, ಅದು ದುಡ್ಡಿಗೆ ಕೊಂಡ ಸಂಖ್ಯೆ. ಅಸಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಕ್ಲಾರಿವೇಟ್ ಕಂಪನಿಯ ಜರ್ನಲ್ ಸೈಟೇಶನ್ ರಿಪೋರ್ಟ್ಸ್‌ನಲ್ಲಿ ಮಾತ್ರ ಇರುತ್ತದೆ. ಇಂಥ ಅಂಗಡಿಗಳು ಎಷ್ಟು ಬೆಳೆದಿದ್ದವು ಅಂದರೆ, 2018ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ತನ್ನ ಮಾನ್ಯತೆಯ ಪಟ್ಟಿಯಿಂದಲೇ 4,305 ಜರ್ನಲ್‌ಗಳನ್ನು ಒಮ್ಮೆಗೇ ಕಿತ್ತು ಹಾಕಬೇಕಾಯಿತು.

ಕನ್ನಡ ವಿಭಾಗದವರನ್ನೂ ಬಯೋಟೆಕ್‌ನವರನ್ನೂ ಒಂದೇ ತಕ್ಕಡಿಯಲ್ಲಿ ತೂಗ್ತಾರಲ್ಲ, ಇದಕ್ಕೆ ಪರಿಹಾರ ಇಲ್ವಾ?

ಇದೆ, ಸ್ವಲ್ಪ ಮಟ್ಟಿಗೆ. ಒಂದು ಪೇಪರಿನ ಸೈಟೇಶನ್ ಸಂಖ್ಯೆಯನ್ನು ಅದೇ ವಿಷಯದ, ಅದೇ ವರ್ಷದ ಪೇಪರುಗಳ ಸರಾಸರಿಯಿಂದ ಭಾಗಿಸುತ್ತಾರೆ. 1 ಬಂದರೆ ಸರಾಸರಿ, 2 ಬಂದರೆ ಸರಾಸರಿಯ ಎರಡರಷ್ಟು. ಇಲ್ಲವೇ ತನ್ನ ವಿಷಯದಲ್ಲಿ ಮೇಲಿನ ಶೇಕಡಾ ಹತ್ತರೊಳಗೆ ಇದೆಯಾ ಅಂತ ನೋಡುತ್ತಾರೆ. ಎರಡನೆಯದು ನನಗೆ ಹೆಚ್ಚು ಇಷ್ಟ, ಯಾಕೆಂದರೆ ಒಂದೇ ಒಂದು ದೈತ್ಯ ಪೇಪರ್ ಸರಾಸರಿಯನ್ನೇ ಎಳೆದುಕೊಂಡು ಹೋಗುವ ತೊಂದರೆ ಅದಕ್ಕಿಲ್ಲ. ಆದರೆ ಕನ್ನಡದ ಕೆಲಸ ಡೇಟಾಬೇಸಿನಲ್ಲೇ ಇಲ್ಲದಿದ್ದರೆ ಯಾವ ಸರಾಸರಿಯಿಂದ ಭಾಗಿಸುವುದು? ಸಂಶೋಧನೆಯನ್ನು ಸಂಖ್ಯೆಯಿಂದ ಅಳೆಯುವಾಗ ಏನು ಗಮನಿಸಬೇಕು ಅಂತ ತಜ್ಞರು ಬರೆದ 2015ರ ಲೈಡನ್ ಮ್ಯಾನಿಫೆಸ್ಟೋದಲ್ಲಿ ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಬೇಕು ಅಂತ ಬೇರೆಯದೇ ಒಂದು ಅಂಶ ಇದೆ. ಕಮಿಟಿಯ ಮುಂದೆ ಕೂರುವವರು ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಬಹುದು.

### ಹೆಸರಿನ ತಾಪತ್ರಯ

ನಮ್ಮ ಕಡೆಯವರಿಗೆ ಸರ್‌ನೇಮೇ ಇಲ್ಲ. ನನ್ನ ಪೇಪರುಗಳು ಮೂರು ಬೇರೆ ಬೇರೆ ಜನರ ಹೆಸರಲ್ಲಿ ಹಂಚಿ ಹೋಗಿವೆ. ಏನು ಮಾಡ್ಲಿ?

ಮಲೆನಾಡಿನಲ್ಲಿ ಇದು ದಿನಾ ಬರುವ ಪ್ರಶ್ನೆ. ಎಚ್‌.ಎಸ್. ಮಂಜುನಾಥ ಅಂತ ಒಬ್ಬರು. ಎಚ್ ಅಂದರೆ ಹೊಸನಗರ, ಎಸ್ ಅಂದರೆ ಅಪ್ಪನ ಹೆಸರು. ಒಂದು ಜರ್ನಲ್ ಅವರನ್ನು ‘ಮಂಜುನಾಥ, ಎಚ್‌.ಎಸ್.’ ಅಂತ ಹಾಕುತ್ತದೆ. ಇನ್ನೊಂದು ‘ಎಸ್., ಮಂಜುನಾಥ ಎಚ್.’ ಅಂತ ಹಾಕಿ ಎಸ್ ಅನ್ನುವುದೇ ಮನೆತನದ ಹೆಸರು ಅಂದುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ಕೊನೆಗೆ ಎ ಹಾಕಿದ್ದು, ಹಾಕದ್ದು, ಟಿ ಮುಂದೆ ಎಚ್ ಬಂದದ್ದು, ಬಾರದ್ದು, ಇವೆಲ್ಲ ಸೇರಿ ಒಬ್ಬ ಮಂಜುನಾಥ ಐದು ಜನ ಆಗುತ್ತಾರೆ. ಇನ್ನೊಂದು ಕಡೆ ನಿಜವಾಗಿ ಬೇರೆ ಬೇರೆ ಇರುವ ಹತ್ತು ಮಂಜುನಾಥರು ಒಬ್ಬರೇ ಆಗಿಬಿಡುತ್ತಾರೆ. ಮದುವೆ ಆದ ಮೇಲೆ ಇನಿಷಿಯಲ್ ಬದಲಿಸಿದ ಹೆಣ್ಣುಮಕ್ಕಳ ಕಥೆ ಕೇಳುವುದೇ ಬೇಡ, ಅರ್ಧ ಕೆಲಸ ತವರುಮನೆ ಹೆಸರಿನಲ್ಲೇ ಉಳಿದುಹೋಗುತ್ತದೆ.

ಊರಿನ ಹೆಸರೂ ಅಷ್ಟೇ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಶಿವಮೊಗ್ಗ ಅಂತ ಆಯಿತು, ಅದಕ್ಕೂ ಹಿಂದಿನ ಪೇಪರುಗಳಲ್ಲಿ ಶಿಮೊಗ. ಕುವೆಂಪು ವಿಶ್ವವಿದ್ಯಾಲಯದ ವಿಳಾಸವನ್ನು ಒಬ್ಬರು ಶಂಕರಘಟ್ಟ ಅಂತ ಬರೆಯುತ್ತಾರೆ, ಒಬ್ಬರು ಶಿವಮೊಗ್ಗ ಅಂತ, ಇನ್ನೊಬ್ಬರು ಜ್ಞಾನಸಹ್ಯಾದ್ರಿ ಅಂತ. ಮೂರೂ ಒಂದೇ ಕ್ಯಾಂಪಸ್ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಹೇಳಿಕೊಡಬೇಕು.

ಮಾಡಬೇಕಾದ್ದು: ಇವತ್ತೇ ಆರ್ಕಿಡ್ ಐಡಿ ಮಾಡಿಕೊಳ್ಳಿ. 2012ರಿಂದ ಇದೆ, ಪುಕ್ಕಟೆ, ಸಂಶೋಧಕರನ್ನು ಒಬ್ಬೊಬ್ಬರಾಗಿ ಗುರುತಿಸುವ 16 ಅಂಕಿಯ ನಂಬರು. ಹಳೆಯ ಪೇಪರುಗಳನ್ನೆಲ್ಲ ಒಂದೊಂದಾಗಿ ಅದರೊಳಗೆ ಸೇರಿಸಿ. ಇಂಗ್ಲಿಷಿನಲ್ಲಿ ಹೆಸರು ಹೇಗೆ ಬರೆಯುತ್ತೀರಿ ಅಂತ ಒಮ್ಮೆ ತೀರ್ಮಾನ ಮಾಡಿ, ಸಾಯುವ ತನಕ ಬದಲಿಸಬೇಡಿ. ಸ್ಕೋಪಸ್‌ನಲ್ಲಿ ಎರಡು ಪ್ರೊಫೈಲ್ ಇದ್ದರೆ ಒಂದು ಮಾಡಿ ಅಂತ ಅವರಿಗೇ ಬರೆಯಬಹುದು, ಮಾಡಿಕೊಡುತ್ತಾರೆ.

ಗೈಡ್ ಏನೂ ಬರೆದಿಲ್ಲ, ಆದ್ರೂ ಅವರ ಹೆಸರು ಹಾಕ್ಲೇಬೇಕಾ? ಮೊದಲ ಹೆಸರು ಯಾರದ್ದು?

ಗುಟ್ಟಾಗಿ ಕೇಳುವ ಪ್ರಶ್ನೆ ಇದು. ಉತ್ತರ ಗುಟ್ಟಿನದ್ದಲ್ಲ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ನಾಲ್ಕು ಷರತ್ತು ಹಾಕಿದೆ, ಬೇರೆ ವಿಷಯದವರೂ ಅದನ್ನೇ ನೋಡುತ್ತಾರೆ. ಕೆಲಸದ ಯೋಜನೆಯಲ್ಲಿ, ಮಾಹಿತಿ ಕೂಡಿಸುವುದರಲ್ಲಿ ಅಥವಾ ಅದನ್ನು ಅರ್ಥ ಮಾಡುವುದರಲ್ಲಿ ಗಟ್ಟಿ ಪಾಲು ಇರಬೇಕು. ಬರೆದಿರಬೇಕು ಅಥವಾ ಗಂಭೀರವಾಗಿ ತಿದ್ದಿರಬೇಕು. ಕೊನೆಯ ಪ್ರತಿಯನ್ನು ಒಪ್ಪಿರಬೇಕು. ಆಮೇಲೆ ಯಾರಾದರೂ ಪ್ರಶ್ನೆ ಕೇಳಿದರೆ ಜವಾಬು ಕೊಡುವುದಕ್ಕೆ ತಯಾರಿರಬೇಕು. ನಾಲ್ಕೂ ಬೇಕು, ಒಂದೋ ಎರಡೋ ಇದ್ದರೆ ಸಾಲದು. ಗೈಡ್ ಅನ್ನುವ ಕುರ್ಚಿ ಆ ನಾಲ್ಕರಲ್ಲಿ ಇಲ್ಲ. ಹಾಗೆಯೇ, ವಿದ್ಯಾರ್ಥಿ ಗಮನಿಸದೇ ಇರುವ ಕೆಲಸವನ್ನು ಗೈಡ್ ಮಾಡಿರುವುದೂ ಉಂಟು. ವಿಷಯ ಹುಡುಕಿಕೊಟ್ಟದ್ದು, ಮೂರು ಸಲ ತಿದ್ದಿಕೊಟ್ಟದ್ದು ಎಲ್ಲಾ ಸೇರಿಸಿ ಯೋಚನೆ ಮಾಡಿ.

ಮೊದಲ ಹೆಸರಿನ ಬಗ್ಗೆ ಒಂದೇ ನಿಯಮ ಇಲ್ಲ. ಪ್ರಯೋಗದ ವಿಷಯಗಳಲ್ಲಿ ಮೊದಲ ಹೆಸರು ಜಾಸ್ತಿ ದುಡಿದವರದ್ದು, ಕೊನೆಯ ಹೆಸರು ಲ್ಯಾಬಿನ ಮುಖ್ಯಸ್ಥರದ್ದು. ಗಣಿತದಲ್ಲಿ ಅಕಾರಾದಿ ಕ್ರಮ. ಅಲ್ಲಿ ಮೊದಲ ಹೆಸರಿಗೆ ಬೇರೆ ಅರ್ಥವೇ ಇಲ್ಲ, ಆದರೂ ನಮ್ಮ ಕೆಲವು ಸಂದರ್ಶನ ಸಮಿತಿಗಳು ‘ನೀವು ಮೂರನೆಯವರು’ ಅಂತ ಗಣಿತದವರಿಗೆ ಅಂಕ ಕಡಿಯುತ್ತವೆ.

ಲೆಕ್ಕ ಹಾಕುವವರಿಗೂ ಇಲ್ಲಿ ತಲೆನೋವು. ನಾಲ್ವರು ಬರೆದ ಪೇಪರಿಗೆ ನಾಲ್ವರಿಗೂ ಪೂರ್ತಿ ಒಂದೊಂದು ಕೊಡಬೇಕೋ, ಕಾಲು ಕಾಲು ಹಂಚಬೇಕೋ? 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಿಂದ ಬಂದ ಪೇಪರಿನಲ್ಲಿ 5,154 ಹೆಸರುಗಳಿದ್ದವು. 33 ಪುಟದಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳು! ಎಲ್ಲರಿಗೂ ಪೂರ್ತಿ ಒಂದೊಂದು ಕೊಟ್ಟರೆ ಒಂದು ಪೇಪರ್ 5,154 ಪೇಪರ್ ಆಗುತ್ತದೆ. ಈಗ ಬಹಳ ಜರ್ನಲ್‌ಗಳು ಯಾರು ಯೋಜನೆ ಮಾಡಿದರು, ಯಾರು ಲೆಕ್ಕ ಹಾಕಿದರು, ಯಾರು ಬರೆದರು ಅಂತ 14 ಬಗೆಯ ಕೆಲಸಗಳಲ್ಲಿ ಹಂಚಿ ತೋರಿಸಿ ಅನ್ನುತ್ತವೆ. ಜಗಳ ಶುರುವಾಗುವ ಮುಂಚೆಯೇ ಆ ಪಟ್ಟಿ ತುಂಬಿಸಿಕೊಂಡು ಎಲ್ಲರಿಗೂ ಮೇಲ್ ಮಾಡಿಬಿಡಿ.

ಕಾಡಿನಲ್ಲಿ ಉಣುಗು (ಮಂಗನ ಕಾಯಿಲೆ ಹರಡುವ ರಕ್ತ ಹೀರುವ ಹುಳ) ಹಿಡಿದು ತಂದವರು, ದಾರಿ ತೋರಿಸಿದ ವಾಚರ್‌ಗಳು, ಗಿಡದ ಹೆಸರು ಹೇಳಿಕೊಟ್ಟ ಅಜ್ಜಿಯರು ಕೊನೆಯ ಕೃತಜ್ಞತೆಯ ಸಾಲಿನಲ್ಲಿ ‘ಸ್ಥಳೀಯರು’ ಆಗಿ ಮುಗಿಯುತ್ತಾರೆ. ಆ ಸಾಲು ಯಾವ ಸೂಚ್ಯಂಕದಲ್ಲೂ ಇಲ್ಲ. ಕನಿಷ್ಠ ಅವರನ್ನು ಕೇಳಿ, ಒಪ್ಪಿದರೆ ಅಲ್ಲಾದರೂ ಹೆಸರು ಹಾಕಿ.

### ಎಣಿಕೆಗೆ ಸಿಗದಿರುವುದು

ನಮ್ಮ ಮೇಷ್ಟ್ರು ಕನ್ನಡದಲ್ಲಿ ಎಷ್ಟೊಂದು ಬರೆದಿದಾರೆ. ಇಡೀ ನಾಡು ಓದಿದೆ. ಗೂಗಲ್ ಸ್ಕಾಲರಲ್ಲಿ ಯಾಕೆ ಸೊನ್ನೆ?

ಕಾರಣ ಒಂದಲ್ಲ.

ಒಂದು, ಪುಸ್ತಕ. ಕನ್ನಡದ ಗಟ್ಟಿ ಸಂಶೋಧನೆ ಪುಸ್ತಕವಾಗಿ, ಅಭಿನಂದನ ಗ್ರಂಥದ ಲೇಖನವಾಗಿ, ಸಾಹಿತ್ಯ ಪತ್ರಿಕೆಯ ಬರಹವಾಗಿ ಬರುತ್ತದೆ. ಇವಕ್ಕೆ ಡಿಒಐ, ಅಂದರೆ ಒಂದೊಂದು ಬರಹಕ್ಕೂ ಕೊಡುವ ಗುರುತಿನ ನಂಬರು, ಇರುವುದು ಅಪರೂಪ. ನಂಬರಿಲ್ಲದ್ದನ್ನು ಯಂತ್ರ ಹಿಡಿಯುವುದು ಕಷ್ಟ.

ಎರಡು, ಫಾಂಟು. ಇದನ್ನು ಬಹಳ ಜನ ಯೋಚನೆ ಮಾಡಿರುವುದಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಿಡಿಎಫ್ ತೆರೆದರೆ ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ, ಗೊತ್ತಾಗುತ್ತದೆ. ಹುಡುಕುವ ಯಂತ್ರಕ್ಕೆ ಆ ಥೀಸಿಸ್ ಇದ್ದೂ ಇಲ್ಲದ ಹಾಗೆ. ಶೋಧಗಂಗಾದಲ್ಲಿ (ಭಾರತದ ಥೀಸಿಸ್‌ಗಳ ಆನ್‌ಲೈನ್ ಸಂಗ್ರಹ) ಹಾಕಿದ ಹಳೆಯ ಕನ್ನಡ ಥೀಸಿಸ್‌ಗಳಲ್ಲಿ ಕೆಲವು ಹೀಗಿವೆ, ಕೆಲವು ಬರೀ ಸ್ಕ್ಯಾನ್ ಮಾಡಿದ ಚಿತ್ರಗಳು. ಈಗ ಥೀಸಿಸ್ ಬರೆಯುತ್ತಿರುವವರು ದಯವಿಟ್ಟು ಕನ್ನಡ ಅಕ್ಷರವನ್ನು ಯಂತ್ರವೂ ಕನ್ನಡ ಅಂತಲೇ ಗುರುತಿಸುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಡಿಟಿಪಿಯವರು ‘ಯೂನಿಕೋಡ್ ಆದ್ರೆ ಕಷ್ಟ ಸಾರ್’ ಅಂದರೆ ಇನ್ನೊಂದು ಅಂಗಡಿಗೆ ಹೋಗಿ.

ಮೂರು, ನಾವು ಉಲ್ಲೇಖ ಮಾಡುವ ರೀತಿ. ‘ಅದೇ, ಪು. 45’, ‘ಪೂರ್ವೋಕ್ತ’ ಅಂತ ಅಡಿಟಿಪ್ಪಣಿ ಹಾಕುತ್ತೇವೆ. ಓದುವವರಿಗೆ ಏನೂ ತೊಂದರೆ ಇಲ್ಲ. ಯಂತ್ರಕ್ಕೆ ‘ಅದೇ’ ಅಂದರೆ ಯಾವುದು?

ಶಾಸನದವರದ್ದು ಇನ್ನೂ ಚೆನ್ನಾಗಿದೆ. ಬಿ.ಎಲ್. ರೈಸ್ ತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟ ನಮ್ಮ ಜಿಲ್ಲೆಯದ್ದು. ಇತಿಹಾಸದವರು ‘ಶಿಕಾರಿಪುರ 176’ ಅಂತ ಬರೆದರೆ ಸಾಕು, ಅದು ತಾಳಗುಂದದ ಕಂಬದ ಶಾಸನ ಅಂತ ಬಲ್ಲವರಿಗೆ ಗೊತ್ತಾಗುತ್ತದೆ. ನೂರು ವರ್ಷಕ್ಕೂ ಮೀರಿ ಕದಂಬರ ಬಗ್ಗೆ ಬರೆದವರೆಲ್ಲ ಅದನ್ನು ಸೈಟ್ ಮಾಡಿದ್ದಾರೆ. ಆ ಐದನೇ ಶತಮಾನದ ಪದ್ಯಗಳನ್ನು ರಚಿಸಿದ ಕುಬ್ಜ ಅನ್ನುವ ಕವಿ ತನ್ನ ಹೆಸರನ್ನೂ ಕಲ್ಲಿನಲ್ಲೇ ಬಿಟ್ಟುಹೋಗಿದ್ದಾನೆ. ಇಷ್ಟು ಗಟ್ಟಿಯಾದ ಲೇಖಕತ್ವ ಮತ್ತೆಲ್ಲಿದೆ ಹೇಳಿ? ಆದರೂ ಕುಬ್ಜನ ಎಚ್-ಇಂಡೆಕ್ಸ್ ಸೊನ್ನೆ.

ಹಾಗಾದರೆ ಮೇಷ್ಟ್ರ ಪ್ರಭಾವ ತೋರಿಸುವುದು ಹೇಗೆ? ಕೈಯಲ್ಲಿ ಎಣಿಸಿ. ಒಂದು ವಿಷಯ, ಒಂದು ಅವಧಿ ಆರಿಸಿಕೊಳ್ಳಿ. ಉದಾಹರಣೆಗೆ ಕೆಳದಿ ಇತಿಹಾಸದ ಮೇಲೆ ಒಂದು ವಿಶ್ವವಿದ್ಯಾಲಯದಲ್ಲಿ ಬಂದ ಥೀಸಿಸ್‌ಗಳು. ಅವುಗಳ ಅಡಿಟಿಪ್ಪಣಿಗಳನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿ: ಯಾರು, ಯಾವ ಪುಸ್ತಕ, ಯಾವ ಪುಟ, ಒಪ್ಪುವುದಕ್ಕೋ ವಾದಕ್ಕೋ. ‘ಅದೇ’ ಅಂತ ಇದ್ದ ಕಡೆ ಹಿಂದಕ್ಕೆ ಹೋಗಿ ಹೆಸರು ತುಂಬಿ. ಬೇಜಾರಿನ ಕೆಲಸ, ಎರಡು ರಜೆ ಹಿಡಿಯಬಹುದು. ಆದರೆ ಗಾರ್ಫೀಲ್ಡ್‌ಗೂ ಮುಂಚೆ, 1927ರಲ್ಲಿ, ಗ್ರಾಸ್ ಮತ್ತು ಗ್ರಾಸ್ ಅನ್ನುವ ಇಬ್ಬರು ಕೆಮಿಸ್ಟ್ರಿ ಲೈಬ್ರರಿಗೆ ಯಾವ ಜರ್ನಲ್ ತರಿಸಬೇಕು ಅಂತ ತೀರ್ಮಾನ ಮಾಡಿದ್ದು ಹೀಗೆ ಕೈಯಲ್ಲಿ ಎಣಿಸಿಯೇ. ಇದೇ ಒಳ್ಳೆಯ ಪಿಎಚ್‌.ಡಿ. ವಿಷಯ ಆಗುತ್ತದೆ, ಆದರೂ ಯಾರೂ ಮುಟ್ಟುವುದಿಲ್ಲ.

ತೋಟದವರಿಗೆ ಉಪಯೋಗ ಆದ ಸಂಶೋಧನೆಗೆ ಸೈಟೇಶನ್ ಬರಲ್ಲ, ಯಾರಿಗೂ ಬೇಡದ್ದಕ್ಕೆ ಬರುತ್ತೆ. ಇದೇನು ನ್ಯಾಯ?

ಕೊಳೆರೋಗವನ್ನೇ ತೆಗೆದುಕೊಳ್ಳಿ. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿ 1910ರಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣ ಹೊಡೆದರೆ ರೋಗ ತಡೆಯಬಹುದು ಅಂತ ತೋರಿಸಿದರು. ಇವತ್ತು ಮಳೆಗಾಲ ಶುರುವಾಗುವ ಹೊತ್ತಿಗೆ ಮೈಲುತುತ್ತ, ಸುಣ್ಣ ಕಲಸಿ ಔಷಧಿ ಹೊಡೆಸುವ ಯಾವ ರೈತರೂ ಕೋಲ್‌ಮನ್ ಹೆಸರು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಕೃಷಿ ವಿಜ್ಞಾನಿಗಳೂ ಈಗೀಗ ಹೇಳುವುದು ಕಡಿಮೆ. ಒಂದು ವಿಚಾರ ಎಲ್ಲರ ಕೈಗೂ ಬಂದು ಮಾಮೂಲಾಗಿ ಹೋದ ಮೇಲೆ ಅದನ್ನು ಯಾರೂ ಸೈಟ್ ಮಾಡುವುದಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ಗುರುತಿಸಿ ಬರೆದಿದ್ದಾರೆ: ಪ್ರಭಾವ ಪೂರ್ತಿ ಆದಾಗ ಹೆಸರು ಅಳಿಸಿಹೋಗುತ್ತದೆ.

ಕೋಲ್‌ಮನ್ ಹೆಸರು ಇನ್ನೊಂದು ಕಡೆ ಉಳಿದಿದೆ. ಆ ರೋಗಾಣುವಿಗೆ ಫೈಟಾಫ್ತೊರಾ ಅರೆಕೆ ಅಂತ ಹೆಸರಿಟ್ಟಾಗ, ನಿಯಮದ ಪ್ರಕಾರ ಪಕ್ಕದಲ್ಲಿ ಕೋಲ್‌ಮನ್ ಅಂತ ಸೇರಿತು. ಜೀವಿಗಳಿಗೆ ಹೆಸರಿಟ್ಟವರ ಹೆಸರು ಹೀಗೆ ಸಾವಿರ ಸಲ ಬಂದರೂ ಪೇಪರಿನ ಕೊನೆಯ ಪಟ್ಟಿಯಲ್ಲಿ ಹಾಕದೇ ಇರುವುದೇ ಜಾಸ್ತಿ, ಹಾಗಾಗಿ ಎಣಿಕೆಗೆ ಸೇರುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಹೊಸ ಕಪ್ಪೆ, ಹೊಸ ಗಿಡ ಹುಡುಕುವವರು ಯಾವಾಗಲೂ ಗೊಣಗುವುದು ಇದಕ್ಕೇ.

ಪೇಟೆಂಟ್, ಸರ್ಕಾರಿ ಆದೇಶ, ಪತ್ರಿಕೆ ಸುದ್ದಿಗಳಲ್ಲಿ ಬಂದ ಉಲ್ಲೇಖಗಳನ್ನೂ ಈಗ ಎಣಿಸುವವರಿದ್ದಾರೆ. ಸ್ವಲ್ಪ ಸಹಾಯ ಆಗುತ್ತದೆ. ಆದರೆ ಉಣುಗು ಕಚ್ಚದಿರಲಿ ಅಂತ ಆಶಾ ಕಾರ್ಯಕರ್ತೆ ಮನೆಗೆ ಬಂದು ‘ಕಾಡಿಗೆ ಹೋಗೋ ಮುಂಚೆ ಈ ಎಣ್ಣೆ ಹಚ್ಕೊಳ್ಳಿ’ ಅಂದದ್ದರ ಹಿಂದೆ ಯಾವ ಪೇಪರ್ ಇದೆ ಅಂತ ಅವೂ ಹೇಳುವುದಿಲ್ಲ.

### ಇನ್ನೂ ಸ್ವಲ್ಪ ಆಳಕ್ಕೆ

ಬೈಯೋಕೆ ಮಾಡಿದ ಸೈಟೇಶನ್ನೂ ಲೆಕ್ಕಕ್ಕೆ ಬರುತ್ತಾ?

ಬರುತ್ತದೆ. ಲಸಿಕೆಗೂ ಆಟಿಸಂಗೂ ಸಂಬಂಧ ಇದೆ ಅಂತ ವೇಕ್‌ಫೀಲ್ಡ್ 1998ರಲ್ಲಿ ಬರೆದ ಪೇಪರನ್ನು ಲ್ಯಾನ್ಸೆಟ್ 2010ರಲ್ಲಿ ಹಿಂದಕ್ಕೆ ಪಡೆಯಿತು. ಅದಕ್ಕೆ ಬಂದ ಸೈಟೇಶನ್ ಸಾವಿರ ದಾಟಿದೆ, ಬಹಳಷ್ಟು ಅದು ತಪ್ಪು ಅಂತ ಹೇಳುವುದಕ್ಕೇ. ಬೈಗುಳವೂ ಒಂದು ಬಗೆಯ ಪ್ರಭಾವವೇ, ಆದರೆ ಆ ಸಂಖ್ಯೆ ನೋಡಿ ಹಾರ ಹಾಕುವುದಕ್ಕೆ ಆಗುವುದಿಲ್ಲ.

ಓದದೇನೇ ಸೈಟ್ ಮಾಡೋರು ಇದಾರಾ?

ಬೇಕಾದಷ್ಟು. 2003ರ ಸುಮಾರಿಗೆ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಇದನ್ನು ಚೆನ್ನಾಗಿ ಹಿಡಿದರು. ಪಟ್ಟಿಯಲ್ಲಿ ಪುಟದ ನಂಬರನ್ನು ಒಬ್ಬರು ತಪ್ಪಾಗಿ ಹಾಕಿದರೆ, ಅದೇ ತಪ್ಪು ಇನ್ನೂ ಎಷ್ಟೋ ಪೇಪರುಗಳಲ್ಲಿ ಹಾಗೇ ಬರುತ್ತದೆ. ಮೂಲ ತೆಗೆದು ನೋಡಿದ್ದರೆ ತಪ್ಪು ಮುಂದುವರಿಯುತ್ತಿರಲಿಲ್ಲ ಅಲ್ವಾ. ಈ ತಪ್ಪುಗಳ ಲೆಕ್ಕದಿಂದ ಅವರು ಕಟ್ಟಿದ ಅಂದಾಜು, ಸೈಟ್ ಮಾಡುವವರಲ್ಲಿ ಶೇ. 20ರಷ್ಟು ಜನ ಮಾತ್ರ ಮೂಲ ಓದಿರುತ್ತಾರೆ ಅಂತ. ಅಂದಾಜು ಖಾರ ಅನಿಸಿದರೂ ದಾರಿ ಜಾಣತನದ್ದು.

ಯಾರಿಂದ ಯಾರಿಗೆ ಪ್ರಭಾವ ಹೋಯ್ತು ಅಂತ ನಕ್ಷೆ ಬರೆಯೋಕೆ ಆಗುತ್ತಾ?

ಆಗುತ್ತದೆ, ನನಗೆ ಈ ವಿಷಯದಲ್ಲಿ ಅತಿ ಇಷ್ಟದ ಭಾಗ ಇದೇ. ಎರಡು ಉಪಾಯ ಗೊತ್ತಿದ್ದರೆ ಸಾಕು. ಎರಡು ಪೇಪರುಗಳ ಪಟ್ಟಿಯಲ್ಲಿ ಒಂದೇ ಹಳೆಯ ಪೇಪರುಗಳು ಇದ್ದರೆ, ಆ ಎರಡೂ ಹತ್ತಿರದವು. ಇದು 1963ರಲ್ಲಿ ಕೆಸ್ಲರ್ ಹೇಳಿದ್ದು. ಎರಡು ಹಳೆಯ ಪೇಪರುಗಳನ್ನು ಆಮೇಲಿನವರು ಮತ್ತೆ ಮತ್ತೆ ಒಟ್ಟಿಗೆ ಸೈಟ್ ಮಾಡಿದರೆ, ಆ ಎರಡೂ ಹತ್ತಿರದವು. ಇದು 1973ರಲ್ಲಿ ಹೆನ್ರಿ ಸ್ಮಾಲ್ ಹೇಳಿದ್ದು. ಮೊದಲನೆಯದು ಪ್ರಕಟವಾದ ದಿನವೇ ನಿಂತುಹೋಗುತ್ತದೆ, ಪಟ್ಟಿ ಬದಲಾಗುವುದಿಲ್ಲವಲ್ಲ. ಎರಡನೆಯದು ಬೆಳೆಯುತ್ತಲೇ ಇರುತ್ತದೆ. 1960ರಲ್ಲಿ ದೂರ ಇದ್ದ ಇಬ್ಬರು 2020ರಲ್ಲಿ ಹತ್ತಿರ ಬರಬಹುದು.

ಇಂಥ ನಕ್ಷೆ ಬರೆಯುವುದಕ್ಕೆ ಲೈಡನ್ ವಿಶ್ವವಿದ್ಯಾಲಯದವರು ಮಾಡಿದ ವಿಓಎಸ್‌ವ್ಯೂವರ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಮಂಗನ ಕಾಯಿಲೆಯ ಪೇಪರುಗಳನ್ನು ಅದಕ್ಕೆ ಕೊಟ್ಟು ನೋಡಿ. ವೈರಸ್‌ನವರು, ಉಣುಗಿನವರು, ಲಸಿಕೆಯವರು, ಕಾಡು ಕಡಿದದ್ದಕ್ಕೂ ರೋಗಕ್ಕೂ ಏನು ಸಂಬಂಧ ಅಂತ ನೋಡುವವರು, ಇವರಲ್ಲಿ ಯಾರು ಯಾರ ಜೊತೆ ಮಾತಾಡುತ್ತಾರೆ, ಯಾರು ಪಕ್ಕದವರನ್ನು ಓದುವುದೇ ಇಲ್ಲ ಅಂತ ಗಮನಿಸಿ. ಎರಡು ಗುಂಪಿನವರೂ ಸೈಟ್ ಮಾಡುವ ಒಂದೇ ಒಂದು ಪೇಪರ್ ಸಿಕ್ಕರೆ, ಅದರ ಸಂಖ್ಯೆ ಚಿಕ್ಕದಿದ್ದರೂ ಅದನ್ನು ಮೊದಲು ಓದಿ. ಒಂದು ಎಚ್ಚರಿಕೆ: ಬಣ್ಣ ಬಣ್ಣದ ಚಿತ್ರ ಬಂದ ಕೂಡಲೇ ಅದನ್ನೇ ಥೀಸಿಸ್‌ಗೆ ಅಂಟಿಸಿ ಮುಗಿಸುವವರು ಜಾಸ್ತಿ ಆಗಿದ್ದಾರೆ. ಪ್ರತಿ ಗುಂಪಿನಿಂದ ಐದಾರು ಪೇಪರ್ ಓದದೆ ಅದಕ್ಕೆ ಹೆಸರಿಡುವುದಕ್ಕೆ ಹೋಗಬೇಡಿ.

ಎಲ್ರೂ ಸೈಟ್ ಮಾಡೋರನ್ನೇ ಎಲ್ರೂ ಸೈಟ್ ಮಾಡ್ತಾರಲ್ಲ. ಹೊಸಬರ ಗತಿ?

ಇದ್ದವರಿಗೇ ಇನ್ನಷ್ಟು ಸೇರುತ್ತದೆ ಅನ್ನುವುದನ್ನು ಮರ್ಟನ್ 1968ರಲ್ಲೇ ಬರೆದರು, ಡೆರೆಕ್ ಪ್ರೈಸ್ 1976ರಲ್ಲಿ ಅದಕ್ಕೆ ಗಣಿತ ಕೊಟ್ಟರು. ಹೊಸಬರಿಗೆ ಸಮಾಧಾನದ ಮಾತೂ ಒಂದಿದೆ, ಆದರೆ ತುಂಬಾ ತಾಳ್ಮೆ ಬೇಕು. ಮೆಂಡೆಲ್ ಬಟಾಣಿ ಗಿಡಗಳ ಬಗ್ಗೆ 1866ರಲ್ಲಿ ಪ್ರಕಟಿಸಿದ್ದನ್ನು ಜನ ಸರಿಯಾಗಿ ಎತ್ತಿಕೊಂಡದ್ದು 1900ರಲ್ಲಿ.

ತಮ್ಮ ತಮ್ಮಲ್ಲೇ ಸೈಟ್ ಮಾಡಿಕೊಂಡು ಸಂಖ್ಯೆ ಏರಿಸುವ ಕೂಟಗಳೂ ಇವೆ. ಮುಂದುವರಿದ ಕೆಲಸಕ್ಕೆ ತನ್ನದೇ ಹಳೆಯ ಪೇಪರ್ ಹಾಕುವುದು ತಪ್ಪಲ್ಲ. ಆದರೆ ಒಬ್ಬರ ಸೈಟೇಶನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವರಿಂದಲೇ ಬಂದಿದ್ದರೆ ಒಂದೊಂದಾಗಿ ತೆರೆದು ನೋಡಬೇಕು.

ಮುಂದಿನ ತಿಂಗಳು ಸಂದರ್ಶನ ಇದೆ. ನನ್ನ ಹತ್ರ ಇರೋದೇ 14 ಸೈಟೇಶನ್. ಹೇಗೆ ತೋರಿಸ್ಲಿ?

ಹದಿನಾಲ್ಕನ್ನೂ ತೆರೆದು ಓದಿ. ನಿಮ್ಮ ಹೆಸರು ಬಂದ ವಾಕ್ಯ ಯಾವುದು ಅಂತ ಹುಡುಕಿ. ಹೆಚ್ಚಿನವು ‘ಈ ಬಗ್ಗೆ ಹಲವರು ಕೆಲಸ ಮಾಡಿದ್ದಾರೆ’ ಅನ್ನುವ ಸಾಲಿನಲ್ಲಿ ಏಳೆಂಟು ಹೆಸರುಗಳ ನಡುವೆ ಬಂದಿರುತ್ತವೆ. ಅವನ್ನು ಬಿಡಿ. ನಿಮ್ಮ ವಿಧಾನವನ್ನು ಯಾರಾದರೂ ತಮ್ಮ ಕೆಲಸಕ್ಕೆ ಬಳಸಿದ್ದಾರಾ, ನಿಮ್ಮ ಅಂಕಿ ಅಂಶವನ್ನು ತಮ್ಮದರ ಪಕ್ಕ ಇಟ್ಟು ನೋಡಿದ್ದಾರಾ, ನಿಮ್ಮ ಮಾತನ್ನು ಒಪ್ಪದೇ ಒಂದು ಪ್ಯಾರಾ ವಾದ ಮಾಡಿದ್ದಾರಾ ನೋಡಿ. ಅಂಥವು ಎರಡೋ ಮೂರೋ ಸಿಕ್ಕರೆ ಆ ಪುಟಗಳ ಪ್ರಿಂಟ್ ತೆಗೆದು, ಆ ಸಾಲಿಗೆ ಗುರುತು ಹಾಕಿ, ಫೈಲಿನ ಮೊದಲಲ್ಲೇ ಇಟ್ಟುಕೊಂಡು ಹೋಗಿ. ಬರೆದವರು ಯಾವ ಊರಿನವರು, ಏನು ಕೆಲಸಕ್ಕೆ ಬಳಸಿದರು ಅಂತ ಪೆನ್ಸಿಲಿನಲ್ಲಿ ಪಕ್ಕದಲ್ಲೇ ಬರೆದುಕೊಂಡಿದ್ದರೆ ಕೇಳಿದಾಗ ತಡಕಾಡಬೇಕಾಗಿಲ್ಲ.

ಸಂಖ್ಯೆ ಹಾಕಲೇಬೇಕು ಅಂತ ಫಾರಂನಲ್ಲಿ ಇದ್ದರೆ, ಯಾವ ಡೇಟಾಬೇಸಿನಲ್ಲಿ, ಯಾವ ತಾರೀಖು ನೋಡಿದ್ದು ಅಂತ ಅದರ ಪಕ್ಕದಲ್ಲೇ ಬರೆಯಿರಿ.